ರೊಕ್ಕದ ಕೇಸು

ಅಕ್ಕನ ಮಗಳು ಬಳ್ಳಾರಿಯಲ್ಲಿ ಕಾನೂನು ಓದುತ್ತಿದ್ದಾಳೆ. ಐದು ವರ್ಷದ ಕೋರ್ಸಿನಲ್ಲಿ ಈಗ ನಾಲ್ಕನೆಯ ವರ್ಷ. ಹಬ್ಬಕ್ಕೆಂದು ಚೋರನೂರಿಗೆ ಹೋಗಿದ್ದಾಗ ಮನೆಮುಂದಿನ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆವು. ಅವಳು ತಲೆ ಎತ್ತದೆ ಕೇಳಿದಳು: 'ಮಾವ, ನಾನು ಕ್ರಿಮಿನಲ್ ಲಾಯರೇ ಆಗ್ತೀನಿ. ಆದ್ರೆ ಕೊಲೆ, ಹೊಡೆದಾಟದ ಕೇಸು ಬ್ಯಾಡ. ರೊಕ್ಕದ ಕೇಸು ನಡೆಸ್ಬೇಕು. ಅದಕ್ಕೆ ಯಾರ ಹತ್ರ ಕಲೀಬೇಕು?'

ಪಕ್ಕದಲ್ಲಿ ಅವಳ ಅಪ್ಪ, ಅಂದರೆ ನಮ್ಮ ಬಾವ, ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಬಾವ ಅದಿರಿನ ಲಾರಿ ಓಡಿಸಿದವರು. ಸಾಲ ಮಾಡಿ ಸ್ವಂತಕ್ಕೊಂದು ಲಾರಿ ತಗೊಂಡು, 2011ರಲ್ಲಿ ಗಣಿ ನಿಂತ ಮೇಲೆ ಕಂತು ಕಟ್ಟಲಾಗದೆ, ಫೈನಾನ್ಸಿನವರು ಗಾಡಿ ಎಳಕೊಂಡು ಹೋಗುವುದನ್ನು ಇದೇ ಕಟ್ಟೆಯ ಮೇಲೆ ಕೂತು ನೋಡಿದವರು. ಮಗಳ ಮಾತಿಗೆ ಅವರು ಏನೂ ಹೇಳಲಿಲ್ಲ. ನನಗೂ ಆ ಹೊತ್ತಿಗೆ ನೆಟ್ಟಗೆ ಉತ್ತರ ಹೊಳೆಯಲಿಲ್ಲ. ಅವಳಿಗೆ ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚೋರನೂರು ಸಂಡೂರು ತಾಲ್ಲೂಕಿನ ಹೋಬಳಿ ಊರು. ಪೊಲೀಸ್ ಠಾಣೆ ಇದೆ. ಕೋರ್ಟಿಗೆ ಸಂಡೂರಿಗೆ ಹೋಗಬೇಕು, ಅದಕ್ಕಿಂತ ದೊಡ್ಡ ಕೋರ್ಟಿಗೆ ಹೊಸಪೇಟೆಗೋ ಬಳ್ಳಾರಿಗೋ. ಹೊಲದ ಬದುವಿನ ತಗಾದೆ, ಜಗಳ, ಚೆಕ್ ಬೌನ್ಸ್ ಇಂಥವಕ್ಕೆಲ್ಲ ನಮ್ಮ ಜನ ಅಲ್ಲಿಗೇ ಬಸ್ಸು ಹತ್ತುತ್ತಾರೆ. ಆದರೆ ಈ ಸೀಮೆಯಲ್ಲಿ ನಡೆದ ಎಲ್ಲಕ್ಕಿಂತ ದೊಡ್ಡ ಅಪರಾಧ, ಗುಡ್ಡಗಳನ್ನೇ ಬಗೆದು ಸಾಗಿಸಿದ ಅಪರಾಧ, ಹೆಚ್ಚಾಗಿ ಇಲ್ಲಿಯ ಕೋರ್ಟುಗಳ ಕಟ್ಟೆ ಹತ್ತಲಿಲ್ಲ. ಅದರ ವಾದ ನಡೆದದ್ದು ದಿಲ್ಲಿ, ಬೆಂಗಳೂರು, ಹೈದರಾಬಾದಿನಲ್ಲಿ. ಧೂಳು ಕುಡಿದವರು ನಾವು. ದಾಖಲೆ ಓದಿದವರು ಎಲ್ಲೋ ದೂರದವರು. ಹುಡುಗಿಯ ಪ್ರಶ್ನೆ ನನ್ನನ್ನು ಕಾಡಿದ್ದು ಇದಕ್ಕೇ.

ನಮ್ಮ ಅಜ್ಜಂದಿರ ಬಾಯಲ್ಲಿ ದೊಡ್ಡ ವಕೀಲ ಎಂದರೆ 'ಬ್ಯಾಲಿಷ್ಟರು'. ಲಂಡನ್ನಿನ ಇನ್ ಎಂಬ ವಕೀಲರ ಸಂಸ್ಥೆಗಳಲ್ಲಿ ಓದಿ ಬಂದವರಿಗೆ ಸಲ್ಲುತ್ತಿದ್ದ ಬ್ಯಾರಿಸ್ಟರ್ ಎಂಬ ಬಿರುದು 1961ರ ವಕೀಲರ ಕಾಯ್ದೆ ಬಂದ ಮೇಲೆ ನಮ್ಮ ಕೋರ್ಟುಗಳಲ್ಲಿ ಪ್ರತ್ಯೇಕ ದರ್ಜೆಯಾಗಿ ಉಳಿಯಲಿಲ್ಲ. ಹಳ್ಳಿ ಕೋರ್ಟಿನಲ್ಲಿ ನಿಲ್ಲುವವರೂ ಸುಪ್ರೀಂ ಕೋರ್ಟಿನಲ್ಲಿ ನಿಲ್ಲುವವರೂ ಕಾನೂನಿನ ಕಣ್ಣಿಗೆ ಅಡ್ವೊಕೇಟರೇ. ಇಂಗ್ಲೆಂಡಿನಲ್ಲಿ ಮಾತ್ರ ಆ ಪದ್ಧತಿ ಹಾಗೇ ಇದೆ. ದೊಡ್ಡ ವಂಚನೆಗಳ ತನಿಖೆಗೆಂದೇ ಅಲ್ಲಿ 1988ರಿಂದ ಸೀರಿಯಸ್ ಫ್ರಾಡ್ ಆಫೀಸ್ ಎಂಬ ಸಂಸ್ಥೆ ಇದೆ, ಅಂಥ ಕೇಸುಗಳನ್ನೇ ಜೀವಮಾನವಿಡೀ ನಡೆಸುವ ಬ್ಯಾರಿಸ್ಟರುಗಳಿದ್ದಾರೆ. ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ವಿಜಯ್ ಮಲ್ಯ ಅವರನ್ನು ಭಾರತಕ್ಕೆ ಒಪ್ಪಿಸುವ ಮೊಕದ್ದಮೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕೋರ್ಟಿನಲ್ಲಿ ನಡೆದಾಗ ಎರಡೂ ಕಡೆ ನಿಂತವರು ಬ್ಯಾರಿಸ್ಟರುಗಳೇ. ಭಾರತದ ಪರವಾಗಿ ವಾದಿಸಿದ್ದು ಅಲ್ಲಿಯ ಸರ್ಕಾರಿ ಅಭಿಯೋಜನಾ ಸಂಸ್ಥೆ ನೇಮಿಸಿದ ಬ್ಯಾರಿಸ್ಟರು. ಬೆಂಗಳೂರಿನ ವಿಮಾನ ಕಂಪನಿಯೊಂದು ಬ್ಯಾಂಕಿನಿಂದ ಸಾಲ ಎತ್ತಿದ ಬಗೆಯನ್ನು ಪುಟಪುಟವಾಗಿ ನೋಡಿ 2018ರ ಡಿಸೆಂಬರ್ 10ರಂದು ಅಲ್ಲಿಯ ನ್ಯಾಯಾಧೀಶೆ ಮಲ್ಯರನ್ನು ಒಪ್ಪಿಸಲು ಸಮ್ಮತಿಸಿದರು.

ನಮ್ಮಲ್ಲೂ ಅಂಥ ವೃತ್ತಿಜೀವನ ಇದೆಯೇ ಎಂದು ಕೇಳಿದರೆ ನನಗೆ ಮೊದಲು ನೆನಪಾಗುವ ಹೆಸರು ಬಿ.ವಿ. ಆಚಾರ್ಯ. ಉಡುಪಿ ಕಡೆಯ ಬೆಳಪು ಗ್ರಾಮದವರು, ಹುಟ್ಟಿದ್ದು 1934ರಲ್ಲಿ. ಐವತ್ತರ ದಶಕದಲ್ಲಿ ಕರಿಕೋಟು ತೊಟ್ಟು, ಐದು ಬಾರಿ ಕರ್ನಾಟಕದ ಅಡ್ವೊಕೇಟ್ ಜನರಲ್ ಆದವರು. ಅಷ್ಟು ಸಾಕಿತ್ತು ಒಬ್ಬ ವಕೀಲರಿಗೆ. ಆದರೆ 2005ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವರು ಒಪ್ಪಿಕೊಂಡ ಕೆಲಸವೇ ಅವರನ್ನು ಮನೆಮನೆಗೆ ತಿಳಿಯುವ ಹೆಸರಾಗಿಸಿತು: ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದ ವಿಶೇಷ ಸರ್ಕಾರಿ ವಕೀಲಿಕೆ.

ಆ ಕೇಸು ಬೆಂಗಳೂರಿಗೆ ಬಂದದ್ದರ ಹಿಂದೆಯೂ ಒಂದು ಕಥೆಯಿದೆ. ಚೆನ್ನೈಯಲ್ಲಿ ವಿಚಾರಣೆ ನಡೆಯುತ್ತಿದ್ದಾಗ ಸರ್ಕಾರ ಬದಲಾಗಿ ಜಯಲಲಿತಾ ಮತ್ತೆ ಅಧಿಕಾರಕ್ಕೆ ಬಂದರು. ಒಮ್ಮೆ ಹೇಳಿಕೆ ಕೊಟ್ಟು ಹೋಗಿದ್ದ 76 ಸಾಕ್ಷಿಗಳನ್ನು ಮತ್ತೆ ಕರೆಸಲಾಯಿತು. ಅವರಲ್ಲಿ 64 ಮಂದಿ ಮೊದಲಿನ ಮಾತಿಗೆ ತಿರುಗಿಬಿದ್ದರು. ಸರ್ಕಾರಿ ವಕೀಲರು ಅದನ್ನು ತಡೆಯಲು ಏನೂ ಮಾಡಲಿಲ್ಲ. ಡಿಎಂಕೆಯ ಕೆ. ಅನ್ಬಳಗನ್ ಸುಪ್ರೀಂ ಕೋರ್ಟಿಗೆ ಹೋದರು. 2003ರ ನವೆಂಬರ್ 18ರಂದು ಕೋರ್ಟು ಇಡೀ ಪ್ರಕರಣವನ್ನು ಕರ್ನಾಟಕಕ್ಕೆ ವರ್ಗಾಯಿಸಿತು. ಕಟಕಟೆಯಲ್ಲಿರುವವರೇ ಅಧಿಕಾರದಲ್ಲಿದ್ದರೆ ಪ್ರಾಸಿಕ್ಯೂಟರ್ ಯಾರ ಮನುಷ್ಯ ಎಂಬುದು ಎಷ್ಟು ದೊಡ್ಡ ಪ್ರಶ್ನೆ ಎನ್ನುವುದಕ್ಕೆ ಆ 64ರ ಸಂಖ್ಯೆಗಿಂತ ಬೇರೆ ಸಾಕ್ಷಿ ಬೇಡ.

ಆರೋಪದ ತಿರುಳು ಸರಳ. 1991ರ ಜುಲೈ 1ರಿಂದ 1996ರ ಏಪ್ರಿಲ್ 30ರವರೆಗೆ ಅಧಿಕಾರದಲ್ಲಿದ್ದವರು ತಮ್ಮ ಗೊತ್ತಿರುವ ಆದಾಯಕ್ಕೆ ಮೀರಿ ಆಸ್ತಿ ಮಾಡಿದರು ಎಂಬುದು. ಸಾಬೀತು ಮಾಡುವುದು ಮಾತ್ರ ಜೀವ ಹಿಂಡುವ ಕೆಲಸ. ಮೊದಲಿಗೆ ಏನಿತ್ತು, ಕೊನೆಗೆ ಏನಾಯಿತು, ನಡುವೆ ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂದು ನಾಲ್ಕು ಪಟ್ಟಿ ಮಾಡಬೇಕು. ಒಂದೊಂದು ಪಟ್ಟಿಯ ಒಂದೊಂದು ಸಾಲಿಗೂ ಕಾಗದ ಬೇಕು, ಆ ಕಾಗದಕ್ಕೆ ಸಾಕ್ಷಿ ಬೇಕು. ತಮಿಳಿನಲ್ಲಿದ್ದ ದಾಖಲೆಗಳನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿಸುವುದರಲ್ಲೇ ವರ್ಷಗಳು ಹೋದವು. ಸರ್ಕಾರದ ಕಡೆಯಿಂದಲೇ 259 ಸಾಕ್ಷಿಗಳು. ಕಟ್ಟಡಕ್ಕೆ ಹಾಸಿದ ಮಾರ್ಬಲ್‌ಗೆ ಚದರ ಅಡಿಗೆ ಎಷ್ಟು ರೂಪಾಯಿ ಹಿಡಿಯಬೇಕು ಎಂಬುದರ ಮೇಲೂ ವಾದ, ದತ್ತುಪುತ್ರನ ಮದುವೆಯ ಚಪ್ಪರದ ಖರ್ಚಿನ ಮೇಲೂ ವಾದ. 2011ರಲ್ಲಿ ಜಯಲಲಿತಾ ಬೆಂಗಳೂರಿಗೆ ಬಂದು ಪರಪ್ಪನ ಅಗ್ರಹಾರದ ವಿಶೇಷ ಕೋರ್ಟಿನಲ್ಲಿ ನಾಲ್ಕು ದಿನ ಕೂತು ಉತ್ತರಿಸಿದ ಪ್ರಶ್ನೆಗಳು 1,339.

ಈ ನಡುವೆ ಆಚಾರ್ಯರ ಮೇಲೆ ಬಂದ ಒತ್ತಡ ಸಣ್ಣದಲ್ಲ. ಅಡ್ವೊಕೇಟ್ ಜನರಲ್ ಮತ್ತು ವಿಶೇಷ ಸರ್ಕಾರಿ ವಕೀಲ, ಎರಡು ಹುದ್ದೆ ಒಬ್ಬರಲ್ಲೇ ಇರಬಾರದೆಂಬ ತಕರಾರು 2012ರಲ್ಲಿ ಎದ್ದಾಗ ಅವರು ಬಿಟ್ಟದ್ದು ಅಡ್ವೊಕೇಟ್ ಜನರಲ್ ಹುದ್ದೆಯನ್ನು. ರಾಜ್ಯದ ಅತ್ಯುನ್ನತ ಕಾನೂನು ಹುದ್ದೆ ಬಿಟ್ಟು ಒಂದು ಕೇಸನ್ನು ಉಳಿಸಿಕೊಂಡರು. ನನಗೆ ಅವರ ಬದುಕಿನಲ್ಲಿ ತುಂಬ ದೊಡ್ಡದಾಗಿ ಕಾಣುವುದು ಇದೇ. ಅದೇ ವರ್ಷದ ಆಗಸ್ಟ್‌ನಲ್ಲಿ ಆ ಕೇಸನ್ನೂ ಬಿಡಬೇಕಾಯಿತು. ಅದಕ್ಕೆ ಕಾರಣವಾದ ಕಿರುಕುಳದ ಬಗ್ಗೆ ಅವರು ಬಹಿರಂಗವಾಗಿಯೇ ಹೇಳಿದ್ದಾರೆ. 'ಆಲ್ ಫ್ರಂ ಮೆಮೊರಿ' ಎಂಬ ಆತ್ಮಕಥೆಯನ್ನೂ ಅವರು ಬರೆದಿದ್ದಾರೆ. ಕಾನೂನು ಓದುವ ಮಕ್ಕಳ ಕೈಗೆ ಅದನ್ನು ಕೊಡಬೇಕು.

2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ನಾಲ್ಕು ವರ್ಷದ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿದರು. ಮೇಲ್ಮನವಿ ಹೈಕೋರ್ಟಿಗೆ ಹೋಯಿತು. ಅಲ್ಲಿ ಸರ್ಕಾರದ ಪರ ನಿಂತಿದ್ದ ವಕೀಲರ ನೇಮಕವೇ ಕಾನೂನುಬದ್ಧವಲ್ಲ ಎಂದು 2015ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಹೇಳಿತು. ವಾದ ಮುಗಿದು ತೀರ್ಪು ಬರೆಯುವ ಹೊತ್ತು ಅದು. ಲಿಖಿತ ವಾದ ಸಲ್ಲಿಸಲು ಕರ್ನಾಟಕಕ್ಕೆ ಸಿಕ್ಕಿದ್ದು ಒಂದೇ ದಿನ. ಮತ್ತೆ ಆಚಾರ್ಯರನ್ನೇ ಕರೆದರು. ಎಂಬತ್ತೊಂದರ ಹೊಸ್ತಿಲಿನ ಮನುಷ್ಯ ಮಾರನೆಯ ದಿನ ಲಿಖಿತ ವಾದ ಸಲ್ಲಿಸಿದರು. ಮೇ 11ಕ್ಕೆ ಹೈಕೋರ್ಟ್ ಎಲ್ಲರನ್ನೂ ಬಿಡುಗಡೆ ಮಾಡಿತು.

ಇನ್ನು ಹೇಳುವ ಭಾಗವನ್ನು ಅಕ್ಕನ ಮಗಳು ಎರಡು ಸಲ ಓದಬೇಕು. ಹೈಕೋರ್ಟ್ ಲೆಕ್ಕದಲ್ಲಿ ಆಸ್ತಿ 37.59 ಕೋಟಿ, ಆದಾಯ 34.76 ಕೋಟಿ. ಹೆಚ್ಚಿನ ಆಸ್ತಿ 2.82 ಕೋಟಿ ಮಾತ್ರ, ಅಂದರೆ ಆದಾಯದ ಶೇ 8.12. ಶೇ 10ರ ಒಳಗಿನ ವ್ಯತ್ಯಾಸವನ್ನು ಮನ್ನಿಸಬಹುದು ಎನ್ನುವುದಕ್ಕೆ ಕೃಷ್ಣಾನಂದ ಅಗ್ನಿಹೋತ್ರಿ ಪ್ರಕರಣದ ಹಳೆಯ ತೀರ್ಪಿನ ಆಧಾರವಿತ್ತು. ಹಾಗಾಗಿ ಖುಲಾಸೆ. ತೀರ್ಪು ಕೈಗೆ ಬಂದ ಕೂಡಲೇ ಅದರೊಳಗಿನ ಒಂದು ಕೋಷ್ಟಕದ ಮೇಲೆ ಆಚಾರ್ಯರ ಕಣ್ಣು ಬಿತ್ತು. ಬ್ಯಾಂಕುಗಳಿಂದ ಪಡೆದ ಸಾಲಗಳ ಪಟ್ಟಿ ಅದು, ಹತ್ತು ಸಾಲು. ಕೆಳಗೆ ಮೊತ್ತ 24,17,31,274 ರೂಪಾಯಿ ಎಂದಿತ್ತು. ಹತ್ತು ಸಾಲನ್ನು ಕೂಡಿದರೆ ಬರುವುದು 10,67,31,274. ಹದಿಮೂರೂವರೆ ಕೋಟಿ ಹೆಚ್ಚಿಗೆ ಬಂದು ಆದಾಯದೊಳಗೆ ಸೇರಿಕೊಂಡಿತ್ತು. ಅದನ್ನು ಕಳೆದರೆ ಆದಾಯ 21.26 ಕೋಟಿಗೆ ಇಳಿಯುತ್ತದೆ, ಹೆಚ್ಚಿನ ಆಸ್ತಿ ಹದಿನಾರು ಕೋಟಿ ದಾಟುತ್ತದೆ, ಶೇ 8 ಹೋಗಿ ಶೇ 76ರ ಮೇಲೆ ಬಂದು ನಿಲ್ಲುತ್ತದೆ. ಆಚಾರ್ಯರು ಇದನ್ನು ಸುದ್ದಿಗಾರರ ಮುಂದೆ ಹೇಳಿದಾಗ ಇಡೀ ದೇಶ ಕ್ಯಾಲ್ಕುಲೇಟರ್ ಹಿಡಿದು ಕೂಡಿ ನೋಡಿತು.

ನಾನೂ ಕೂಡಿ ನೋಡಿದ್ದೆ. ಐದನೆಯ ಇಯತ್ತೆಯ ಸಂಕಲನ. ಅಷ್ಟು ದೊಡ್ಡ ವ್ಯಾಜ್ಯದ ತಿರುಗಣಿ ಆ ಹತ್ತು ಸಾಲಿನಲ್ಲಿ ಸಿಕ್ಕಿಕೊಂಡಿತ್ತು ಎಂಬುದು ಈಗಲೂ ನನ್ನನ್ನು ತಬ್ಬಿಬ್ಬು ಮಾಡುತ್ತದೆ. ಸುಪ್ರೀಂ ಕೋರ್ಟ್ 2017ರ ಫೆಬ್ರುವರಿ 14ರಂದು ಈ ತಪ್ಪನ್ನು ಗುರುತಿಸಿತು. ಅಲ್ಲಿಗೇ ನಿಲ್ಲದೆ ಆದಾಯ, ಖರ್ಚುಗಳ ಉಳಿದ ಲೆಕ್ಕವನ್ನೂ ತಾನೇ ತೂಗಿ ನೋಡಿ ಕುನ್ಹಾ ಅವರ ತೀರ್ಪನ್ನು ಎತ್ತಿಹಿಡಿಯಿತು. ಅಷ್ಟೊತ್ತಿಗೆ ಜಯಲಲಿತಾ ತೀರಿಕೊಂಡಿದ್ದರು. ಅವರೊಂದಿಗೆ ಆರೋಪಿಗಳಾಗಿದ್ದ ಉಳಿದ ಮೂವರು ಮತ್ತೆ ಪರಪ್ಪನ ಅಗ್ರಹಾರದ ಜೈಲಿಗೆ ಬಂದರು. ಈ ಪ್ರಕರಣದಲ್ಲಿ ಜಪ್ತಿಯಾಗಿ ಬೆಂಗಳೂರಿನ ಖಜಾನೆಯಲ್ಲಿದ್ದ ಬಂಗಾರದ ಒಡವೆಗಳು ತಮಿಳುನಾಡಿಗೆ ಹಿಂದಿರುಗಿದ್ದು 2025ರ ಫೆಬ್ರುವರಿಯಲ್ಲಿ.

ಇನ್ನು ನಮ್ಮ ಗುಡ್ಡದ ಕೇಸು. ಇದನ್ನು ಬಿಡಿಸಿದವರೂ ಲೆಕ್ಕದವರೇ.

2003ರ ಸುಮಾರಿಗೆ ಚೀನಾದ ಬೇಡಿಕೆ ಏರಿದ ಮೇಲೆ ನಮ್ಮ ಕಡೆಯ ರಸ್ತೆಗಳು ಹೇಗಾದವು ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ದೂರದವರಿಗೆ ಹೇಳುವುದಾದರೆ, ಹುಣಸೆಮರದ ಎಲೆ ಯಾವ ಬಣ್ಣದ್ದು ಎಂದು ಮಳೆ ಬಿದ್ದ ಮೇಲೆ ಮಾತ್ರ ಗೊತ್ತಾಗುತ್ತಿತ್ತು. ಒಳ್ಳೆಯ ದರ್ಜೆಯ ಗಟ್ಟಿ ಅದಿರಿಗೂ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ 2009ರ ಆಗಸ್ಟ್‌ವರೆಗೆ ಟನ್ನಿಗೆ 27 ರೂಪಾಯಿ. ಬಂದರಿನಲ್ಲಿ ಅದೇ ಟನ್ನು ಸಾವಿರಗಳಲ್ಲಿ ಹೋಗುತ್ತಿತ್ತು. ಈ ಅಂತರದಲ್ಲಿ ಹುಟ್ಟಿದ ರೊಕ್ಕ ಊರೂರಿನ ರೂಪವನ್ನೇ ಬದಲಿಸಿತು.

ಈ ಗಣಿ ಅಕ್ರಮದ ತನಿಖೆ ಮಾಡಿದ ಆಗಿನ ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ಮೂಲತಃ ವಕೀಲರು. ರಾಜ್ಯದ ಅಡ್ವೊಕೇಟ್ ಜನರಲ್ ಆಗಿ, ದೇಶದ ಸಾಲಿಸಿಟರ್ ಜನರಲ್ ಆಗಿ, ವಕೀಲಿಕೆಯಿಂದ ನೇರವಾಗಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಕೆಲವೇ ಮಂದಿಯಲ್ಲಿ ಒಬ್ಬರು. ಅವರ ಬಳಿ ಅರಣ್ಯ ಸೇವೆಯ ಅಧಿಕಾರಿ ಯು.ವಿ. ಸಿಂಗ್ ಇದ್ದರು. ಸಿಂಗ್ ಅವರ ತಂಡ ಮಾಡಿದ ಕೆಲಸವನ್ನು ಸಾದಾ ಮಾತಿನಲ್ಲಿ ಹೀಗೆ ಹೇಳಬಹುದು: ಗಣಿಯಿಂದ ಹೊರಟದ್ದೆಷ್ಟು, ಪರ್ಮಿಟ್ ಸಿಕ್ಕಿದ್ದೆಷ್ಟಕ್ಕೆ, ಬಂದರಿಗೆ ಬಂದದ್ದೆಷ್ಟು, ಹಡಗು ಹತ್ತಿದ್ದೆಷ್ಟು ಎಂದು ಬೇರೆಬೇರೆ ಇಲಾಖೆಯ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು. ಗಣಿ ಇಲಾಖೆಯ ಪುಸ್ತಕ, ಅರಣ್ಯ ಇಲಾಖೆಯ ರಹದಾರಿ, ಬಂದರಿನ ರಿಜಿಸ್ಟರು, ಕಸ್ಟಮ್ಸ್ ದಾಖಲೆ. ಒಂದೊಂದೇ ನೋಡಿದರೆ ಎಲ್ಲವೂ ಸರಿ. ಒಟ್ಟಿಗಿಟ್ಟರೆ ಸುಳ್ಳು ತಾನೇ ಬಾಯಿ ಬಿಡುತ್ತದೆ. ಬೇಲೆಕೇರಿ ಬಂದರಿನಲ್ಲಿ ಅರಣ್ಯಾಧಿಕಾರಿ ಆರ್. ಗೋಕುಲ್ 2010ರಲ್ಲಿ ಜಪ್ತಿ ಮಾಡಿದ್ದ ಅದಿರಿನ ರಾಶಿಯೇ ಮಾಯವಾದಾಗ ಅಮಾನತಾದದ್ದು ಜಪ್ತಿ ಮಾಡಿದ ಆ ಅಧಿಕಾರಿ. ಹೆಗ್ಡೆ ಆ ಜೂನ್‌ನಲ್ಲಿ ರಾಜೀನಾಮೆ ಕೊಟ್ಟದ್ದು ಈ ಅನ್ಯಾಯ ಸಹಿಸದೆ. ಆಮೇಲೆ ಅದನ್ನು ಹಿಂತೆಗೆದುಕೊಂಡು 2011ರ ಜುಲೈ 27ರಂದು ವರದಿ ಮುಗಿಸಿ ಕೊಟ್ಟರು. ನಾಲ್ಕು ವರ್ಷದಲ್ಲಿ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ಅದು ಲೆಕ್ಕ ಹಾಕಿತ್ತು.

ಧಾರವಾಡದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನಾ ಸಮುದಾಯ 2009ರಲ್ಲೇ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತ್ತು. ಅವರ ಪರ ಪ್ರಶಾಂತ್ ಭೂಷಣ್ ವಾದಿಸಿದರು, ಕೋರ್ಟಿನ ಸಹಾಯಕ್ಕೆ ಶ್ಯಾಮ್ ದಿವಾನ್ ನಿಂತರು. ಲೋಕಾಯುಕ್ತ ವರದಿ ಬಂದ ಎರಡೇ ದಿನಕ್ಕೆ, ಜುಲೈ 29ರಂದು, ಬಳ್ಳಾರಿ ಜಿಲ್ಲೆಯ ಗಣಿಗಳೆಲ್ಲ ನಿಂತವು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಅತಿ ಹೆಚ್ಚು ಅಕ್ರಮ ಕಂಡ 'ಸಿ' ವರ್ಗದ 49 ಗುತ್ತಿಗೆಗಳು ರದ್ದಾದವು. ಆ ಜುಲೈ 29ರ ರಾತ್ರಿ ನಮ್ಮೂರಿನಲ್ಲಿ ಲಾರಿಯ ಸದ್ದಿರಲಿಲ್ಲ. ನಿದ್ದೆ ಬಾರದೆ ಬಾವ ಎದ್ದು ಕೂತಿದ್ದರು ಎಂದು ಅಕ್ಕ ಈಗಲೂ ಹೇಳುತ್ತಾಳೆ. ನ್ಯಾಯ ಬಂದಿತ್ತು, ಬರುವಾಗ ನಮ್ಮ ಮನೆಯ ಲಾರಿಯನ್ನೂ ತಗೊಂಡು ಹೋಯಿತು. ಗುಡ್ಡ ಉಳಿಯಬೇಕಿತ್ತು ಎನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ಕಂತು ಕಟ್ಟುತ್ತಿದ್ದ ಡ್ರೈವರನಿಗೂ ಗುತ್ತಿಗೆದಾರನಿಗೂ ಒಂದೇ ಏಟು ಬಿತ್ತು ಎನ್ನುವುದೂ ನಿಜ.

ಕ್ರಿಮಿನಲ್ ಮೊಕದ್ದಮೆಗಳು ಮಾತ್ರ ಆಮೆಯ ನಡಿಗೆಯವು. ಬೇಲೆಕೇರಿ ಪ್ರಕರಣಗಳಲ್ಲಿ ಬೆಂಗಳೂರಿನ ವಿಶೇಷ ಕೋರ್ಟು ಕಾರವಾರದ ಶಾಸಕ ಸತೀಶ್ ಸೈಲ್ ಮತ್ತಿತರರಿಗೆ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್ 26ಕ್ಕೆ. ಮುಂದಿನ ತಿಂಗಳೇ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಓಬಳಾಪುರಂ ಗಣಿ ಪ್ರಕರಣವನ್ನು ಸಿಬಿಐ ದಾಖಲಿಸಿದ್ದು 2009ರ ಡಿಸೆಂಬರ್‌ನಲ್ಲಿ. ಹೈದರಾಬಾದಿನ ಸಿಬಿಐ ಕೋರ್ಟು ಮಾಜಿ ಸಚಿವ ಜನಾರ್ದನ ರೆಡ್ಡಿ ಮತ್ತಿತರರಿಗೆ ಏಳು ವರ್ಷದ ಶಿಕ್ಷೆ ಕೊಟ್ಟದ್ದು 2025ರ ಮೇ 6ರಂದು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಮೇಲ್ಮನವಿಯಲ್ಲಿ ಏನು ತೀರ್ಮಾನವಾಗುತ್ತದೋ ಅದು ಕೋರ್ಟಿಗೆ ಬಿಟ್ಟದ್ದು. ಎಫ್‌ಐಆರ್‌ನಿಂದ ತೀರ್ಪಿನವರೆಗೆ ಹದಿನೈದು ವರ್ಷ ದಾಟಿತು ಎನ್ನುವುದನ್ನಷ್ಟೇ ನಾನು ಹೇಳುತ್ತಿರುವುದು. ಆಗ ಹಾಲುಹಲ್ಲಿನ ಕೂಸಾಗಿದ್ದ ಅಕ್ಕನ ಮಗಳು ಈಗ ಕಾನೂನು ಪುಸ್ತಕ ಹಿಡಿದಿದ್ದಾಳೆ.

ಹಾಗಾದರೆ ಅವಳು ಏನು ಕಲಿಯಬೇಕು? ಅಪರಾಧ ಕಾನೂನು ಕಾಲೇಜಿನಲ್ಲಿ ಕಲಿಸುತ್ತಾರೆ. ನಾನು ಹೇಳುವುದು ಬೇರೆ. ಬ್ಯಾಲೆನ್ಸ್ ಶೀಟ್ ಓದಲು ಬರಬೇಕು. ಒಬ್ಬ ಒಳ್ಳೆಯ ಆಡಿಟರ ಹತ್ತಿರ ಒಂದು ಬೇಸಿಗೆ ರಜೆ ಕೂರಬೇಕು. ಭ್ರಷ್ಟಾಚಾರ ತಡೆ ಕಾಯ್ದೆ, 2005ರಲ್ಲಿ ಜಾರಿಗೆ ಬಂದ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ, ಕಂಪನಿ ಕಾಯ್ದೆ, ಮೂರನ್ನೂ ಒಟ್ಟಿಗೆ ಓದಬೇಕು, ಏಕೆಂದರೆ ಇಂಥ ಕೇಸುಗಳಲ್ಲಿ ಅವು ಒಂದರ ಕಾಲು ಒಂದು ಹಿಡಿದುಕೊಂಡೇ ಬರುತ್ತವೆ. ಮತ್ತೆ ಕಂಪ್ಯೂಟರ್ ದಾಖಲೆ. ಪೆನ್‌ಡ್ರೈವಿನಲ್ಲೋ ಮೊಬೈಲಿನಲ್ಲೋ ಸಿಕ್ಕ ಲೆಕ್ಕವನ್ನು ಪ್ರಿಂಟ್ ತೆಗೆದು ಕೊಟ್ಟರೆ ಅದು ಸಾಕ್ಷ್ಯವಾಗುವುದಿಲ್ಲ. ಅದರೊಂದಿಗೆ ಪ್ರಮಾಣಪತ್ರ ಬೇಕು. ಹಿಂದೆ ಸಾಕ್ಷ್ಯ ಅಧಿನಿಯಮದ 65ಬಿ ಕಲಮು ಅದನ್ನು ಕೇಳುತ್ತಿತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಇನ್ನೂ ಬಿಗಿಯಾಗಿ ಕೇಳುತ್ತದೆ. ಆ ಒಂದು ಹಾಳೆ ಮರೆತರೆ ವರ್ಷಗಟ್ಟಲೆ ನಡೆದ ತನಿಖೆ ನೀರಿನಲ್ಲಿ ಹೋಮ.

ಯಾರ ಪರ ನಿಲ್ಲಬೇಕು ಎಂದೂ ಅವಳು ಕೇಳಿದ್ದಳು. ಆಪಾದಿತರ ಪರ ನಿಲ್ಲುವುದು ಕೀಳು ಎಂದು ನಾನು ಒಪ್ಪುವುದಿಲ್ಲ. ಸರ್ಕಾರದ ಲೆಕ್ಕವೂ ತಪ್ಪಿರಬಹುದು, ಮೌಲ್ಯಮಾಪನ ಉಬ್ಬಿರಬಹುದು. ಕುನ್ಹಾ ಅವರೇ ಪ್ರಾಸಿಕ್ಯೂಷನ್ ಹೇಳಿದ ಖರ್ಚುಗಳಲ್ಲಿ ಎಷ್ಟೋ ಇಳಿಸಿದ್ದರು. ಆದರೆ ಸರ್ಕಾರದ ಕಡೆ ನಿಲ್ಲುವವರ ಕೊರತೆ ಇದೆ, ನನ್ನ ಆಸೆಯೂ ಅದೇ. ಪರೀಕ್ಷೆ ಬರೆದು ಸಹಾಯಕ ಸರ್ಕಾರಿ ಅಭಿಯೋಜಕಿಯಾದರೆ ಬುಡದಿಂದ ಕಲಿಯಬಹುದು. ವಿಶೇಷ ಸರ್ಕಾರಿ ವಕೀಲರಾಗಲು ಹತ್ತು ವರ್ಷದ ವಕೀಲಿಕೆ ಆಗಿರಬೇಕೆಂದು ಕಾನೂನೇ ಹೇಳುತ್ತದೆ. ಹತ್ತು ವರ್ಷ ಹೆಚ್ಚೇನೂ ಅಲ್ಲ. ನಮ್ಮ ಗುಡ್ಡದ ಕೇಸು ಅದಕ್ಕಿಂತ ಹೆಚ್ಚು ಕಾದಿದೆ.

ಅದಿರಿನ ಲಾರಿಗೆ ಟಾರ್ಪಾಲು ಯಾಕೆ ಅರ್ಧ ಕಟ್ಟುತ್ತಿದ್ದರು, ವೇಬ್ರಿಡ್ಜಿನ ಚೀಟಿ ಬದಲಾಗುತ್ತಿದ್ದುದು ಯಾವ ತಿರುವಿನಲ್ಲಿ, ಒಂದೇ ಪರ್ಮಿಟ್ಟು ಎಷ್ಟು ಟ್ರಿಪ್ಪಿಗೆ ಬರುತ್ತಿತ್ತು ಎನ್ನುವುದು ಗೊತ್ತಿದ್ದವರು ಕಟಕಟೆಯ ಈಚೆ ನಿಂತು ಪ್ರಶ್ನೆ ಕೇಳಿದರೆ ಸಾಕ್ಷಿ ಜಾರಿಕೊಳ್ಳುವುದು ಕಷ್ಟ. ದಿಲ್ಲಿಯ ಹಿರಿಯ ವಕೀಲರು ಇದನ್ನು ಫೈಲಿನಲ್ಲಿ ಓದಿ ತಿಳಿಯಬೇಕು. ಚೋರನೂರಿನ ಹುಡುಗಿ ಊಟದ ಹೊತ್ತಿನಲ್ಲಿ ಅಪ್ಪನ ಬಾಯಿಂದ ಕೇಳಿ ಬೆಳೆದಿದ್ದಾಳೆ.

ಹಬ್ಬ ಮುಗಿದು ಹೊರಡುವ ಹಿಂದಿನ ರಾತ್ರಿ ಬಾವ ಅಟ್ಟದಿಂದ ಟ್ರಂಕು ಇಳಿಸಿದರು. ಯಾರೂ ಕೇಳಿರಲಿಲ್ಲ. ಒಳಗೆ ರಟ್ಟಿನ ಹೊದಿಕೆಯ ಉದ್ದನೆಯ ನೋಟ್‌ಬುಕ್ಕುಗಳು, ಅಂಚೆಲ್ಲ ಕೆಂಪು. 2007ರಿಂದ ಅವರು ಬರೆದಿಟ್ಟ ಟ್ರಿಪ್ಪಿನ ಲೆಕ್ಕ: ತಾರೀಖು, ತುಂಬಿದ ಜಾಗ, ಇಳಿಸಿದ ಜಾಗ, ಚೀಟಿಯಲ್ಲಿನ ತೂಕ, ಅದರ ಪಕ್ಕ ಪೆನ್ಸಿಲಿನಲ್ಲಿ ಇನ್ನೊಂದು ತೂಕ, ಡೀಸೆಲ್ಲು, ಬಾಟಾ. ಹದಿನಾರು ಟನ್ ಹೊರಬೇಕಾದ ಹತ್ತು ಗಾಲಿಯ ಗಾಡಿ ಹೊತ್ತದ್ದೆಷ್ಟು ಎಂದು ಆ ಪೆನ್ಸಿಲಿನ ಅಂಕಿ ಹೇಳುತ್ತಿತ್ತು. 'ಇದನ್ನ ಯಾರಿಗೂ ತೋರಿಸಿಲ್ಲ' ಎಂದರು ಬಾವ. ದನಿ ಸಣ್ಣದಾಗಿತ್ತು.

ಮಗಳು ನೆಲದ ಮೇಲೆ ಕೂತು ಮೊದಲ ಪುಸ್ತಕ ಬಿಡಿಸಿದಳು. ಕ್ಯಾಲ್ಕುಲೇಟರ್ ಕೊಡಲೇ ಎಂದರೆ ಬೇಡ ಎಂದಳು. ಬೆರಳಿನ ಗೆರೆ ಎಣಿಸುತ್ತ ಒಂದೊಂದೇ ಸಾಲು ಕೂಡುತ್ತ ಹೋದಳು. ನಾವಿಬ್ಬರೂ ಮಾತಾಡದೆ ನೋಡುತ್ತಿದ್ದೆವು. ಮೂರನೆಯ ಪುಟದ ಕೊನೆಗೆ ಬೆರಳು ನಿಂತಿತು.

'ಅಪ್ಪಾ, ಇಲ್ಲಿ ನಿನ್ನ ಒಂದು ಟ್ರಿಪ್ಪಿನ ಬಾಟಾ ಕೂಡ್ಸಿಲ್ಲ ನೋಡು.'